ಆಟಿಯಲ್ಲಿ ಹೆಣ್ಣು ಕೇಳಿ ಬಂದವರು

ಆಟಿ ತಿಂಗಳಲ್ಲಿ ನಮ್ಮ ಕಡೆ ಯಾರೂ ಹೆಣ್ಣು ಕೇಳಿಕೊಂಡು ಹೋಗುವುದಿಲ್ಲ. ಆಷಾಢದ ಹೊತ್ತಿಗೆ ಬರುವ, ಮಳೆ ಬಿಡದೆ ಹೊಯ್ಯುವ ಆ ತಿಂಗಳಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಅದರ ಮಾತುಕತೆಯೂ ಇಲ್ಲ. ಆದರೂ ಎಂಬತ್ತರ ದಶಕ ಮುಗಿಯುತ್ತಾ ಬಂದಾಗ, ಒಂದು ಆಟಿ ಅಮಾವಾಸ್ಯೆಯ ಬೆಳಿಗ್ಗೆ, ಗುರುಪುರದ ಕಡೆಯ ಇಬ್ಬರು ಕಂಕನಾಡಿಯ ನಮ್ಮ ಮನೆಗೆ ಬಂದು, ಕೊಡೆ ಮಡಚಿ ಜಗಲಿಯ ಮೂಲೆಗಿಟ್ಟು, ನಮ್ಮ ಮಗಳನ್ನು ಕೇಳಿದರು. ನಮ್ಮ ಮಗಳು ಉಷಾ ತೀರಿಕೊಂಡು ಆಗ ಹದಿನೈದು ವರ್ಷದ ಮೇಲಾಗಿತ್ತು. ಅವರ ಹುಡುಗನೂ ಬದುಕಿರಲಿಲ್ಲ.

ತುಳುನಾಡಿನ ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಸತ್ತ ಮಕ್ಕಳು ಸತ್ತ ಪ್ರಾಯದಲ್ಲೇ ನಿಲ್ಲುವುದಿಲ್ಲ ಎಂಬ ನಂಬಿಕೆ ಇಲ್ಲಿದೆ. ಉಳಿದವರ ಜೊತೆಗೇ ಅವರೂ ಬೆಳೆಯುತ್ತಾರೆ, ಮದುವೆಯ ಪ್ರಾಯಕ್ಕೆ ಬರುತ್ತಾರೆ. ಆಗ ಹಾಗೆಯೇ ತೀರಿಕೊಂಡ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಗೋತ್ರದ ಹಾಗಿರುವ ಬಳಿ ವಿಚಾರಿಸಿ, ಮಣೆಯ ಮೇಲೆ ಸೀರೆ ಪಂಚೆ ಇಟ್ಟು ಧಾರೆ ಎರೆಯುತ್ತಾರೆ. ಅದಕ್ಕೆ ಸಲ್ಲುವ ತಿಂಗಳು ಆಟಿ. ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಇಂಥ ಸುದ್ದಿಗಳಿಗೆ ‘ವಿಚಿತ್ರ ಆಚರಣೆ’ ಎಂದು ತಲೆಬರಹ ಕೊಟ್ಟು ಒಳಪುಟದ ಮೂಲೆಗೆ ಕಳಿಸಿದವನು ನಾನು.

ಆ ಬೆಳಿಗ್ಗೆ ಮನೆಯೊಳಗೆ ಪಾಲೆ ಕಷಾಯದ ವಾಸನೆ ಇತ್ತು. ಪಾಲೆ ಮರದ ತೊಗಟೆಯ ರಸಕ್ಕೆ ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲು ಹಾಕಿದಾಗ ಏಳುವ ಕಹಿ ಹಬೆ, ಅದರ ಮೇಲೆ ಓಮ ಬೆಳ್ಳುಳ್ಳಿಯ ಒಗ್ಗರಣೆ. ಬಂದವರು ಮಾತಾಡುತ್ತಿದ್ದರು. ನನಗೆ ಮಾತ್ರ ಅದೇ ವಾಸನೆಯ ಇನ್ನೊಂದು ಮಳೆಗಾಲ ಕಣ್ಣ ಮುಂದೆ ಬಂತು. ನನ್ನ ಹೆಂಡತಿ ವಾರಿಜ ಕಾದಂಬರಿ ಬರೆದ ಮಳೆಗಾಲ.

ಅದು ಎಪ್ಪತ್ತರ ದಶಕದ ಮಧ್ಯದ ಮಾತು. ಉಷಾ ಹೋದದ್ದು ಅದರ ಹಿಂದಿನ ಮಳೆಗಾಲದಲ್ಲಿ, ಜ್ವರದಿಂದ. ಮೂರು ತುಂಬಿರಲಿಲ್ಲ. ಆಸ್ಪತ್ರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿತ್ತು, ಡಾಕ್ಟರು ಒಳ್ಳೆಯವರು, ಮಾಡಬೇಕಾದ್ದೆಲ್ಲ ಮಾಡಿದರು. ಇಷ್ಟೇ ವರದಿ. ಒಂದು ವರ್ಷವಾದರೂ ನಾವಿಬ್ಬರು ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನ್ನದು ಸಂಜೆಯ ಪಾಳಿ. ಬೆಳಗೆಲ್ಲ ಮನೆಯಲ್ಲಿರುತ್ತಿದ್ದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ, ನಾನು ಕಿಟಕಿಯ ಬಳಿ. ಹೆಂಚಿನ ಮಾಡಿನಿಂದ ನೀರು ಬೀಳುವ ಸದ್ದು, ರೈಲ್ವೆ ಸ್ಟೇಷನ್ನಿನಲ್ಲಿ ಎಂಜಿನ್ ಕೂಗಿದ ಸದ್ದು, ಮತ್ತೇನಿಲ್ಲ.

ಮನೆಯೊಡತಿ ಫ್ಲೋರಿನ್ ಬಾಯಿ, ನಾವು ‘ಬಾಯಿ’ ಎಂದೇ ಕರೆಯುತ್ತಿದ್ದವರು, ಮುಂದಿನ ಭಾಗದಲ್ಲಿದ್ದರು, ನಾವು ಹಿಂದಿನದರಲ್ಲಿ ಬಾಡಿಗೆಗೆ. ಇಗರ್ಜಿಯ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಗಂಡುಮಕ್ಕಳು ಗಲ್ಫಿನಲ್ಲಿ. ಜೂನ್ ತಿಂಗಳ ಒಂದು ಬೆಳಿಗ್ಗೆ ಅವರು ವಾರಪತ್ರಿಕೆಯೊಂದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಹೊಸಬರಿಗೆ ಕಾದಂಬರಿ ಸ್ಪರ್ಧೆ. ದೀಪಾವಳಿಯೊಳಗೆ ಹಸ್ತಪ್ರತಿ ತಲುಪಬೇಕು.

“ಶೆಟ್ರೇ, ಓದಿ. ವಾರಿಜಾ, ನೀನೂ ಕೇಳು. ಇಬ್ಬರೂ ಬರೀಬೇಕು.”

“ನಾನಾ?” ಎಂದಳು ವಾರಿಜ. “ನಾನು ಎಂತ ಬರೆಯುದು ಬಾಯಿ? ಹಾಲಿನವನ ಲೆಕ್ಕ ಬರೆದವಳು.”

“ನಿನ್ನ ಗಂಡ ದಿನಾ ಬರೀತಾರೆ. ಅವರು ಎಂತ ಬರೆಯುದು? ಬಸ್ಸು ಬಿತ್ತು, ಮಂತ್ರಿ ಬಂದ್ರು. ಅದಕ್ಕಿಂತ ಹಾಲಿನ ಲೆಕ್ಕ ಒಳ್ಳೇದು.” ಬಾಯಿ ನನ್ನ ಕಡೆ ತಿರುಗಿದರು. “ನೀವಿಬ್ರು ಹೀಗೆ ಗೋಡೆ ನೋಡಿ ಕೂತ್ರೆ ನನ್ನ ಗೋಡೆ ಬೀಳ್ತದೆ ಮಾರಾಯ್ರೇ. ರಿಪೇರಿ ಯಾರು ಮಾಡುದು?”

ಆ ವರ್ಷ ವಾರಿಜ ಸ್ವಲ್ಪ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಒಪ್ಪಿಕೊಂಡ ಮೇಲೆ ಕ್ರಮ ನನ್ನದು. ಅಚ್ಚಿನ ಕಾಗದದ ಉರುಳೆ ಮುಗಿಯುವಾಗ ಕೊನೆಗೆ ಉಳಿಯುವ ಕಾಗದವನ್ನು ಪ್ರೆಸ್ಸಿನಲ್ಲಿ ಉದ್ದುದ್ದ ತುಂಡು ಮಾಡಿ ನಮಗೆ ಬರೆಯಲು ಕೊಡುತ್ತಿದ್ದರು. ಸ್ಲಿಪ್ಪು ಎನ್ನುತ್ತಿದ್ದೆವು. ಅದರ ಒಂದು ಕಟ್ಟು ಮನೆಗೆ ತಂದೆ. ಬೆಳಗ್ಗಿನ ಕೆಲಸ ಮುಗಿಸಿ ಬರೆಯುವುದು, ಊಟಕ್ಕೆ ಮೊದಲು ಬಾಯಿಯ ಜಗಲಿಯಲ್ಲಿ ಓದುವುದು, ಆಮೇಲೆ ನಾನು ಆಫೀಸಿಗೆ ಹೋಗುವುದು. ಬರೆಯಲು ಮನಸ್ಸು ಬರಲಿಲ್ಲ ಎಂಬ ಮಾತಿಗೆ ಬೆಲೆ ಇಲ್ಲ. ಮನಸ್ಸು ಬರಲಿಲ್ಲವೆಂದು ಯಾವ ಪತ್ರಿಕೆಯೂ ಖಾಲಿ ಹೊರಡುವುದಿಲ್ಲ. ಬಾಯಿ ಒಂದು ನಿಯಮ ಸೇರಿಸಿದರು. ಓದಿದ್ದನ್ನು ಕೇಳಿದವರು ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎಂದೂ ಎನ್ನಬಾರದು. ‘ಮತ್ತೆ ಎಂತ ಆಯ್ತು?’ ಎಂದು ಮಾತ್ರ ಕೇಳಬೇಕು. “ಶಾಲೆಯಲ್ಲಿ ಮಕ್ಕಳ ಬಾಯಿ ಬಿಡಿಸ್ಲಿಕ್ಕೆ ಬೇರೆ ಎಂತದೂ ಬೇಡ,” ಎಂದರು.

ಮೊದಲು ನಾನು ಓದಿದೆ. ಬಂದರಿನಲ್ಲಿ ಒಬ್ಬ ಸಾಹುಕಾರನ ಕೊಲೆ. ನಿಯಮವನ್ನು ಮೊದಲು ಮುರಿದವರು ಬಾಯಿಯೇ.

“ಕೊಂದದ್ದು ತಮ್ಮ, ಆಸ್ತಿಗಾಗಿ, ದೋಣಿಯ ಹುಟ್ಟಿನಿಂದ, ಈಗ ಜೈಲಿನಲ್ಲಿದ್ದಾನೆ. ಎಲ್ಲ ಮೊದಲನೇ ಪ್ಯಾರಾದಲ್ಲೇ ಹೇಳಿದ್ರಿ ಶೆಟ್ರೇ. ಮತ್ತೆ ಎಂತ ಆಯ್ತು ಅಂತ ಕೇಳ್ಲಿಕ್ಕೆ ನನಗೆ ಎಂತ ಉಳಿಸಿದ್ರಿ?”

ಮುಖ್ಯವಾದದ್ದನ್ನು ಮೇಲಿಡು, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು. ಡೆಸ್ಕಿನಲ್ಲಿ ನನ್ನ ಕೈ ಕಲಿತದ್ದು ಅಷ್ಟೇ ಆಗಿತ್ತು.

ವಾರಿಜ ತನ್ನ ಸ್ಲಿಪ್ಪನ್ನು ಸೆರಗಿನಡಿ ಹಿಡಿದುಕೊಂಡಿದ್ದಳು. ತಲೆ ಎತ್ತದೆ ಓದಿದಳು. ಅವಳ ಮೊದಲ ವಾಕ್ಯ: ‘ಬೆಳಗಾಗುವಾಗ ಮಗುವಿನ ಜ್ವರ ಬಿಟ್ಟಿತ್ತು.’

ಮಗು ಎದ್ದು ನೀರು ಕೇಳುತ್ತದೆ. ಚಾಪೆಯಲ್ಲಿ ಕುಳಿತು ಕಾಲ್ಬೆರಳು ಎಣಿಸುತ್ತದೆ. ಹೆಸರು ಉಷಾ. ಅಲ್ಲಿಗೆ ಸ್ಲಿಪ್ಪು ಮುಗಿಯಿತು.

ನಾನು ಅಂಗಳದ ಕಡೆ ನೋಡುತ್ತಿದ್ದೆ. ಬಾಯಿ ಹಣೆಗೂ ಎದೆಗೂ ಕೈ ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಂಡರು. ಬಳಿಕ, ಅವರ ದನಿ ಒಂದಿಷ್ಟೂ ಬದಲಾಗದೆ, “ಮತ್ತೆ ಎಂತ ಆಯ್ತು ವಾರಿಜಾ?” ಎಂದು ಕೇಳಿದರು.

ಹಾಗೆ ಮಗು ಬೆಳೆಯತೊಡಗಿತು. ವಾರಿಜಳ ಸ್ಲಿಪ್ಪುಗಳಲ್ಲಿ ಉಷಾ ಬಾಯಿಯ ಕೈ ಹಿಡಿದು ಬಿಕರ್ನಕಟ್ಟೆಯ ಬಾಲಯೇಸುವಿಗೆ ಮೇಣದಬತ್ತಿ ಹಚ್ಚಿ ಬಂದಳು. ವಾಮಂಜೂರಿನ ಅಜ್ಜಿಮನೆಗೆ ಹೋಗುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು, ಮುಂದಕ್ಕೆ ಕಿಟಕಿಯ ಬಳಿ ಮಾತ್ರ ಕುಳಿತಳು. ಶಾಲೆಗೆ ಸೇರಿದಳು. ಒಂದು ದಿನ ಅವಳು ಟೀಚರಿಗೆ ಎದುರು ಮಾತಾಡುವ ಭಾಗ ಕೇಳಿ ನಾನು ತಡೆಯಲಾಗದೆ ಕೇಳಿಬಿಟ್ಟೆ.

“ಅವಳಿಗೆ ಕನ್ನಡ ಎಲ್ಲಿ ಬರ್ತಿತ್ತು?”

ನಮ್ಮ ಮನೆಯದು ತುಳು. ಉಷಾಗೆ ಗೊತ್ತಿದ್ದದ್ದು ಅದೊಂದೇ, ಜೊತೆಗೆ ಬಾಯಿ ಕಲಿಸಿದ ನಾಲ್ಕು ಕೊಂಕಣಿ ಶಬ್ದ.

ವಾರಿಜ ಸಿಟ್ಟಾಗಲಿಲ್ಲ. “ಶಾಲೆಗೆ ಹೋಗಿ ಕಲ್ತಳಲ್ಲ,” ಎಂದಳು.

ಆ ವಾರವೋ ಮುಂದಿನ ವಾರವೋ, ಆಫೀಸಿಗೆ ಹೋಗುವ ದಾರಿಯಲ್ಲಿ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಮಕ್ಕಳ ರೈನ್‌ಕೋಟು ತೂಗುಹಾಕಿದ್ದರು. ಒಳಗೆ ಹೋಗಿ ನೀಲಿಯದ್ದನ್ನು ಕೇಳಿದೆ. ಅಂಗಡಿಯವನು, “ಮಗಳಿಗಾ? ಎಷ್ಟು ಪ್ರಾಯ?” ಎಂದ. “ಏಳು,” ಎಂದೆ. ಅದು ಆ ಬೆಳಿಗ್ಗೆ ಓದಿದ ಸ್ಲಿಪ್ಪಿನಲ್ಲಿ ಅವಳಿಗಾಗಿದ್ದ ಪ್ರಾಯ. ಅವನು ಮಡಿಕೆ ಬಿಚ್ಚಿ ತೋಳಿನ ಉದ್ದ ತೋರಿಸುವಾಗ ನನಗೆ ಎಚ್ಚರವಾಯಿತು. ನಾಳೆ ಬರುತ್ತೇನೆಂದು ಹೇಳಿ ಹೊರಗೆ ಬಂದೆ. ಮಳೆ ಜೋರಾಗಿತ್ತು. ಕೊಡೆಯನ್ನು ಅಂಗಡಿಯಲ್ಲೇ ಬಿಟ್ಟಿದ್ದೆ, ಮರಳಿ ಹೋಗಲಿಲ್ಲ.

ಅಲ್ಲಿಂದ ಮುಂದೆ ಕಾಯತೊಡಗಿದವನು ನಾನು. ಡೆಸ್ಕಿನಲ್ಲಿ ಟೆಲಿಪ್ರಿಂಟರ್ ಹೊಡೆದುಕೊಳ್ಳುತ್ತಿದ್ದಾಗ, ನಾಳೆ ಹುಡುಗಿ ಏನು ಮಾಡುತ್ತಾಳೆ ಎಂದು ಯೋಚಿಸುತ್ತಿದ್ದೆ.

ಜುಲೈಯಲ್ಲಿ ವಾರಿಜಳ ಕೈ ನಿಂತಿತು. ಕಥೆಯಲ್ಲಿ ಉಷಾಳಿಗೆ ಮತ್ತೆ ಜ್ವರ ಬಂದಿತ್ತು. ಮಳೆಯಲ್ಲಿ ನೆನೆದ ಮಕ್ಕಳಿಗೆ ಬರುವ ಜ್ವರ. ಬೇಕೆಂದು ಬರೆದದ್ದಲ್ಲ, ಬರೆಯುತ್ತಾ ಬಂದುಬಿಟ್ಟಿತು ಎಂದಳು. ಮರುದಿನ ಸ್ಲಿಪ್ಪು ಖಾಲಿ. ಅದರ ಮರುದಿನವೂ. ಅನ್ನ ಸೀಯುತ್ತಿತ್ತು, ಅವಳು ಹೊಸ್ತಿಲಲ್ಲಿ ಪೆನ್ನು ಹಿಡಿದು ಕುಳಿತಿರುತ್ತಿದ್ದಳು. ನಾನು ನನಗೆ ಗೊತ್ತಿದ್ದ ಉಪಾಯ ಹೇಳಿದೆ.

“ಅದನ್ನು ಹಾಗೇ ಬಿಡು. ಮುಂದಿನ ವರ್ಷದ್ದು ಬರಿ. ನಡುವಿನದ್ದು ಆಮೇಲೆ ತುಂಬಿಸು. ನಾವು ಹಾಗೇ ಮಾಡುದು.”

“ಹಾರಿಸಿದ್ರೆ ಅವಳು ಅಲ್ಲೇ ಇರ್ತಾಳಲ್ಲ, ಜ್ವರದಲ್ಲಿ,” ಎಂದಳು. “ಅವಳನ್ನು ಮಲಗಿಸಿ ನಾವು ಮುಂದೆ ಹೋಗುದು ಹೇಗೆ?”

ಆ ಮಾತು ಬಾಯಿಯ ಕಿವಿಗೂ ಬಿದ್ದಿರಬೇಕು, ಗೋಡೆ ಒಂದೇ. ಮರುದಿನ ಅವರು ಮುಚ್ಚಿದ ಪಾತ್ರೆ ಹಿಡಿದು ಹಿತ್ತಿಲ ಬಾಗಿಲಿನಿಂದ ಬಂದು, ಅದನ್ನು ವಾರಿಜಳ ಪಕ್ಕದಲ್ಲಿಟ್ಟರು. ಗಂಜಿ, ಮೇಲೆ ಒಂದು ಮಾವಿನ ಮಿಡಿ.

“ನನಗೆ ಬೇಡ ಬಾಯಿ.”

“ನಿನಗೆ ಯಾರು ತಂದ್ರು? ಮಗುವಿಗೆ. ಜ್ವರ ಬಿಟ್ಟ ಮೇಲೆ ಹಸಿವೆ ಆಗ್ತದೆ, ಆಗ ಗಂಜಿ ಇಲ್ಲದಿದ್ರೆ ಮಕ್ಕಳು ರಚ್ಚೆ ಹಿಡೀತಾವೆ. ಆರುವ ಮೊದಲು ಬರಿ.”

ಬಾಯಿ ತಿರುಗಿ ನೋಡದೆ ಹೋದರು. ಒಂದು ವರ್ಷದಲ್ಲಿ ಮೊದಲ ಸಲ ವಾರಿಜ ಗಟ್ಟಿಯಾಗಿ ಅತ್ತಳು. ಅಳುತ್ತಲೇ ಬರೆದಳು. ಗಂಜಿ ಕುಡಿದು ಪಾತ್ರೆ ತೊಳೆದಿಟ್ಟವನು ನಾನು. ಆ ದಿನದ ಸ್ಲಿಪ್ಪಿನಲ್ಲಿ ಉಷಾ ಉಪ್ಪಿನಕಾಯಿ ಸಾಲದೆಂದು ಜಗಳ ಮಾಡಿದಳು.

ಆಟಿ ಅಮಾವಾಸ್ಯೆಗೆ ವಾಮಂಜೂರಿನಿಂದ ಅತ್ತೆ, ಅಂದರೆ ವಾರಿಜಳ ತಾಯಿ, ಪಾಲೆಯ ತೊಗಟೆ ಕಟ್ಟಿಕೊಂಡು ಬಂದರು. ಬೆಳಿಗ್ಗೆ ಎಲ್ಲರಿಗೂ ಕಷಾಯ ಕುಡಿಸಿದರು, ಬಾಯಿಯನ್ನೂ ಬಿಡಲಿಲ್ಲ. ಬಾಯಿ ಮುಖ ಕಿವುಚಿ, “ನಿಮ್ಮ ದೇವರು ಇದನ್ನು ಕುಡೀತಾನಾ, ಅಥವಾ ನಮಗೆ ಮಾತ್ರವಾ?” ಎಂದರು. ಮಧ್ಯಾಹ್ನ ಓದು ಶುರುವಾದಾಗ ನನಗೆ ಅಳುಕಿತ್ತು. ಅತ್ತೆ ಅಕ್ಷರ ಕಲಿತವರಲ್ಲ. ಇದನ್ನು ಕೇಳಿ ಎದೆ ಬಡಿದುಕೊಂಡಾರು, ವಾರಿಜಳಿಗೆ ಬೈದಾರು ಎಂದುಕೊಂಡೆ. ಅವರು ವೀಳ್ಯ ಜಗಿಯುತ್ತಾ ಪೂರ್ತಿ ಕೇಳಿದರು.

“ಹೌದಲ್ಲ,” ಎಂದರು. “ಬೆಳೀತಾಳೆ ಅವಳು. ನಿಲ್ಲುದುಂಟಾ? ಆದ್ರೆ ನೀನು ಸ್ವಲ್ಪ ಬೇಗ ಓಡಿಸ್ತಾ ಇದ್ದಿ. ಅವಳಿಗೆ ಈಗ ನಾಲ್ಕಾಗ್ಬೇಕಷ್ಟೆ.”

“ಕಥೆ ಅಮ್ಮ ಅದು. ದೀಪಾವಳಿಯೊಳಗೆ ಮುಗಿಸ್ಬೇಕು.”

“ಮುಗಿಸುದು ಅಂದ್ರೆ?”

“ಮದುವೆ ಮಾಡಿ ಮುಗಿಸುದು,” ಎಂದರು ಬಾಯಿ. “ವಾರಪತ್ರಿಕೆಯಲ್ಲಿ ಎಲ್ಲ ಹಾಗೇ.”

ಅತ್ತೆ ವೀಳ್ಯ ಜಗಿಯುವುದನ್ನು ನಿಲ್ಲಿಸಿದರು. “ಓದ್ಸು, ಬರೆಸು, ಎಷ್ಟು ಬೇಕಾದ್ರೂ ದೊಡ್ಡವಳು ಮಾಡು. ಮದುವೆ ಮಾತ್ರ ನೀನು ಮಾಡ್ಬೇಡ ಮಗಾ. ಅದಕ್ಕೆ ಹುಡುಗನ ಕಡೆಯವರು ಬಂದು ಕೇಳ್ಬೇಕು. ಕೇಳಿ ಬಂದ ಮೇಲೆ ನಮ್ಮ ಮನೇಲಿ ಇರುದಿಲ್ಲ ಅವಳು.”

ಅದನ್ನು ಹಳ್ಳಿಯ ಮುದುಕಿಯ ಮಾತೆಂದು ನಾನು ಅಲ್ಲಿಗೇ ಬಿಟ್ಟೆ. ವಾರಿಜ ಬಿಡಲಿಲ್ಲವೆಂದು ಆಮೇಲೆ ತಿಳಿಯಿತು.

ನನ್ನ ಕಾದಂಬರಿ ಆಗಸ್ಟಿನಲ್ಲಿ ನಿಂತುಹೋಯಿತು. ಸಾಹುಕಾರ ಸತ್ತ, ತಮ್ಮ ಸಿಕ್ಕಿಬಿದ್ದ, ಇನ್ನು ಹೇಳಲು ಏನೂ ಇರಲಿಲ್ಲ. “ಸತ್ತವನ ಕಥೆ, ಬೇಗ ಮುಗೀತು,” ಎಂದರು ಬಾಯಿ. ನಾನು ವಾರಿಜಳ ಸ್ಲಿಪ್ಪುಗಳನ್ನು ದುಂಡಗೆ ಪ್ರತಿ ಮಾಡುವ ಕೆಲಸ ಹಿಡಿದೆ. ಎಲ್ಲೂ ಕೆಂಪು ಪೆನ್ನು ಹಾಕಲಿಲ್ಲ. ಉಷಾ ಹೈಸ್ಕೂಲು ಮುಗಿಸಿದಳು. ಬಾಯಿಗೆ ಕನ್ನಡಕ ಹುಡುಕಿಕೊಟ್ಟಳು. ನನ್ನೊಡನೆ ಒಂದು ದಿನ ಮಾತು ಬಿಟ್ಟಳು, ಕಾಲೇಜಿನ ಪ್ರವಾಸಕ್ಕೆ ಕಳಿಸಲಿಲ್ಲವೆಂದು. ಆ ಭಾಗವನ್ನು ಪ್ರತಿ ಮಾಡುವಾಗ, ಕಳಿಸಬಹುದಿತ್ತು ಎಂದು ನನಗನ್ನಿಸಿತು.

ಮಳೆ ಹಿಂದೆ ಸರಿಯಿತು. ವಾಮಂಜೂರಿನ ಗದ್ದೆಗಳಲ್ಲಿ ಕೊಯ್ಲು ಶುರುವಾಯಿತು. ಕಥೆಯಲ್ಲಿ ಹುಡುಗನ ಕಡೆಯವರು ಬಂದು ಜಗಲಿಯಲ್ಲಿ ಕುಳಿತರು. ಉಷಾ ಕಾಫಿಯ ಲೋಟಗಳನ್ನು ಹರಿವಾಣದಲ್ಲಿಟ್ಟುಕೊಂಡು ಒಳಗಿನಿಂದ ಬಂದಳು. ಅಲ್ಲಿಗೆ ಆ ದಿನದ ಸ್ಲಿಪ್ಪು ಮುಗಿಯಿತು. ಬಾಯಿ ಎಂದಿನಂತೆ ಕೇಳಿದರು. ವಾರಿಜ ಸ್ಲಿಪ್ಪು ಮಡಚಿಕೊಂಡು ಒಳಗೆ ಹೋದಳು.

ಮರುದಿನ ಬರೆಯಲಿಲ್ಲ. ಅದರ ಮುಂದಿನ ದಿನಗಳಲ್ಲೂ ಬರೆಯಲಿಲ್ಲ. ಜ್ವರದ ದಿನಗಳ ಹಾಗೆ ಪೆನ್ನು ಹಿಡಿದು ಕೂರಲೂ ಇಲ್ಲ; ಮನೆ ಗುಡಿಸಿದಳು, ಮೀನು ಸಾರು ಮಾಡಿದಳು, ಶಾಂತವಾಗಿದ್ದಳು. ದೀಪಾವಳಿ ಹತ್ತಿರವಾಯಿತು. ನಾನು ಪ್ರತಿಯೆಲ್ಲ ಜೋಡಿಸಿ ಪ್ರೆಸ್ಸಿನ ಹುರಿಯಲ್ಲಿ ಕಟ್ಟಿ ಇಟ್ಟಿದ್ದೆ.

“ಒಂದು ಸ್ಲಿಪ್ಪು ಸಾಕು ವಾರಿಜ. ಧಾರೆ ಆಯ್ತು ಅಂತ ಬರಿ. ನಾಳೆ ಅಂಚೆಗೆ ಹಾಕದಿದ್ರೆ ತಲುಪುದಿಲ್ಲ. ಇಷ್ಟು ಬರೆದು ಕೊನೆಗೆ ಬಿಡುದಾ?”

“ಧಾರೆ ಆದ್ರೆ ಹೋಗ್ತಾಳೆ.”

“ಕಥೆ ಅಂತ ನೀನೇ ಹೇಳಿದ್ದಿ.”

ಅವಳು ನನ್ನನ್ನು ನೋಡಿದಳು. “ನಿಮಗೂ ಹಾಗೇ ಅನ್ನಿಸ್ತದಾ?” ಎಂದು ಕೇಳಿದಳು.

ನಾನು ಆ ನೀಲಿ ರೈನ್‌ಕೋಟಿನ ವಿಷಯ ಅವಳಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಅವಳು ಕೇಳಿ, “ಯಾವ ಬಣ್ಣ?” ಎಂದಳು. ನೀಲಿ ಎಂದೆ. “ನೀಲಿ ಅವಳಿಗೆ ಒಪ್ತದೆ,” ಎಂದಳು. ಅದಾದ ಮೇಲೆ ಕೊನೆಯ ಸ್ಲಿಪ್ಪಿನ ಮಾತು ನಾನು ಎತ್ತಲಿಲ್ಲ. ಬಾಯಿಯೂ ಕೇಳುವುದನ್ನು ನಿಲ್ಲಿಸಿದರು. ಪಕ್ಕದ ಮನೆಗಳಲ್ಲಿ ಪಟಾಕಿ ಹೊಡೆಯುವ ದಿನ ಬಂದು ಹೋಯಿತು. ಕಟ್ಟು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಟ್ಟ ಸೇರಿತು. ಸ್ಪರ್ಧೆಯ ಫಲಿತಾಂಶ ನಮ್ಮ ಡೆಸ್ಕಿಗೂ ಬಂತು. ನಾನೇ ಅದನ್ನು ಮೂರು ಸಾಲಿಗೆ ಇಳಿಸಿ ಅಚ್ಚಿಗೆ ಕಳಿಸಿದೆ. ವಾರಿಜ ಮತ್ತೆ ಎಂದೂ ಬರೆಯಲಿಲ್ಲ. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಬಾಯಿ ತೀರಿಕೊಂಡರು; ಅವರ ಮಕ್ಕಳು ನಮ್ಮನ್ನು ಅಲ್ಲೇ ಇರಲು ಬಿಟ್ಟರು.

ಅದೇ ಜಗಲಿಯಲ್ಲಿ, ಇಷ್ಟು ವರ್ಷದ ಮೇಲೆ, ಈಗ ಗುರುಪುರದವರು ಕುಳಿತಿದ್ದರು. ಹಿರಿಯವರು ಹುಡುಗನ ತಂದೆ. ಜೊತೆಯವರು ಅವರ ಭಾವ, ಮಾತೆಲ್ಲ ಅವರದೇ. ಮನೆಯಲ್ಲಿ ಒಂದರ ಮೇಲೊಂದು ತೊಂದರೆ, ದೈವ ಮೈಮೇಲೆ ಬರುವ ದರ್ಶನದಲ್ಲಿ ಕೇಳಿದಾಗ ತೀರಿಹೋದ ಹುಡುಗನಿಗೆ ಮದುವೆಯಾಗಬೇಕು ಎಂದು ನುಡಿಯಾಯಿತು, ವಾಮಂಜೂರಿನಲ್ಲಿ ವಿಚಾರಿಸಿದಾಗ ನಿಮ್ಮ ಮನೆ ಹೇಳಿದರು ಎಂದರು. ಬಳಿ ಕೇಳಿದರು. ನಮ್ಮಲ್ಲಿ ಬಳಿ ಬರುವುದು ತಾಯಿಯಿಂದ. ಆ ಪ್ರಶ್ನೆಗೆ ವಾರಿಜಳೇ ಉತ್ತರಿಸಬೇಕು. ಅವಳು ಒಳಗಿದ್ದಳು. ಇಲ್ಲ ಎಂದು ಹೇಳಿ ಕಳಿಸಿಬಿಡಲು ನಾನು ಏಳುವಷ್ಟರಲ್ಲಿ ಅವಳು ಹೊರಗೆ ಬಂದಳು. ಕೈಯಲ್ಲಿ ಹರಿವಾಣ. ಅದರಲ್ಲಿ ಕಾಫಿಯ ಲೋಟಗಳು.

ಬಳಿ ಹೇಳಿದಳು. ಅದು ಹೊಂದುತ್ತಿತ್ತು. ಭಾವ ತಲೆಯಾಡಿಸಿ ಸಮಾಧಾನದಿಂದ ಲೋಟ ಎತ್ತಿಕೊಂಡರು.

“ನಿಮ್ಮ ಹುಡುಗ ಎಂತ ಮಾಡ್ತಾನೆ?” ಎಂದು ಕೇಳಿದಳು ವಾರಿಜ.

ಭಾವ ಕೆಮ್ಮಿದರು. “ಅಕ್ಕ, ಅವ ಐದು ವರ್ಷದಲ್ಲಿ…”

“ನಾನು ಅವರನ್ನು ಕೇಳಿದ್ದು.”

ತಂದೆ ಲೋಟ ಕೆಳಗಿಟ್ಟರು. “ಬಸ್ಸು ಅಂದ್ರೆ ಪ್ರಾಣ ಅವನಿಗೆ. ದಿನಾ ರಸ್ತೆ ಬದಿ ನಿಲ್ತಿದ್ದ. ಡ್ರೈವರ್ ಆಗಿರ್ತಿದ್ದ ಅಂತ ಕಾಣ್ತದೆ.”

“ಕಾಣ್ತದೆ ಅಂದ್ರೆ? ನಿಮಗೆ ಗೊತ್ತಿಲ್ವಾ?”

ಅವರು ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು. “ಬಸ್ಸು ಓಡಿಸ್ತಾನೆ. ಗುರುಪುರದಿಂದ ಹಂಪನಕಟ್ಟೆಗೆ.”

“ನಿಧಾನ ಓಡಿಸ್ತಾನಾ?”

“ನಿಧಾನವೇ. ಆ ವಿಷಯದಲ್ಲಿ ಒಳ್ಳೆಯವ.”

“ನಮ್ಮವಳಿಗೆ ಬಸ್ಸಲ್ಲಿ ಆಗುದಿಲ್ಲ. ಕಿಟಕಿ ಹತ್ತಿರ ಕೂರಿಸ್ಲಿಕ್ಕೆ ಹೇಳಿ.”

“ಹೇಳ್ತೇನೆ ಅಮ್ಮ,” ಎಂದರು ಅವರು.

ಆ ಆಟಿ ಮುಗಿಯುವ ಮೊದಲೇ ಮದುವೆ ಆಯಿತು. ಅತ್ತೆ ವಾಮಂಜೂರಿನಿಂದ ಬಂದರು, ಎತ್ತಿ ಇಳಿಸಬೇಕಾದಷ್ಟು ಮುದುಕಿಯಾಗಿದ್ದರು. ವಾರಿಜ ಪೇಟೆಗೆ ನನ್ನ ಜೊತೆ ಬಂದು ನೀಲಿ ಸೀರೆ ಆರಿಸಿದಳು. ಮಣೆಯ ಮೇಲೆ ಸೀರೆ, ಬಳೆ, ಮಲ್ಲಿಗೆ. ಗುರುಪುರದವರು ಹೊರಡುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು, ಮಳೆ ಹನಿಯುತ್ತಿತ್ತು. ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಹುಡುಗನ ತಂದೆ ಮಣೆಯನ್ನು ತಾವೇ ಕಿಟಕಿಯ ಬಳಿ ಇರಿಸಿ, ಪಕ್ಕದಲ್ಲಿ ಕುಳಿತು, ಗಾಜು ಇಳಿಸಿದರು. ಹನಿ ಒಳಗೆ ಬೀಳುತ್ತಿದ್ದರೂ ಏರಿಸಲಿಲ್ಲ. ಕಾರು ಬಿಕರ್ನಕಟ್ಟೆಯ ಕಡೆಗೆ ತಿರುಗುವವರೆಗೂ ಆ ಗಾಜು ಇಳಿದೇ ಇತ್ತು.

ನಮ್ಮ ಕಡೆಯ ನೆಂಟರೂ ಉಂಡು ಹೋದರು. ಅತ್ತೆ ಒಳಗೆ ಮಲಗಿದರು. ವಾರಿಜ ಅಡುಗೆಮನೆಯ ಹೊಸ್ತಿಲಲ್ಲಿ, ತನ್ನ ಹಳೆಯ ಜಾಗದಲ್ಲಿ, ಕೈ ಮಡಿಲಲ್ಲಿಟ್ಟು ಕುಳಿತಳು. ನಾನು ಕಿಟಕಿಯ ಬಳಿಯಿಂದ ಎದ್ದು ಹೋಗಿ ಅವಳ ಪಕ್ಕ ಕುಳಿತೆ. ಕೇಳಬೇಕಾದವರು ಈಗ ಇರಲಿಲ್ಲವಾದ್ದರಿಂದ ನಾನೇ ಕೇಳಿದೆ.

“ಮತ್ತೆ ಎಂತ ಆಯ್ತು?”

ಅವಳು ಗೇಟಿನ ಕಡೆ ನೋಡುತ್ತಿದ್ದಳು.

“ಮತ್ತೆ ಎಂತ ಇಲ್ಲ,” ಎಂದಳು. “ಹೋದಳು.”